ಪಟ್ಟಿ ಓದುವವನ ಹೆಸರು

ಹನ್ನೊಂದು ಜನರ ಪಟ್ಟಿಯಲ್ಲಿ ನನ್ನ ಹೆಸರು ಒಮ್ಮೆಯೂ ಬಂದಿರಲಿಲ್ಲ. ಮೈಕು ಹಿಡಿದು ಆ ಪಟ್ಟಿ ಓದುವವನು ಮಾತ್ರ ಪ್ರತಿಸಲವೂ ನಾನೇ. ಭಟ್ಕಳದಿಂದ ಕುಮಟೆಯವರೆಗೆ ಟೆನ್ನಿಸ್ ಚೆಂಡಿನ ಟೂರ್ನಮೆಂಟು ಎಲ್ಲೇ ನಡೆಯಲಿ, ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, "ಇದೀಗ ಅಂಗಳಕ್ಕೆ ಇಳಿಯುತ್ತಿದ್ದಾರೆ ನೋಡಿ" ಎಂದು ಹತ್ತೂರಿನ ಗಂಡಸರನ್ನು ಅಂಗಳಕ್ಕೆ ಇಳಿಸಿದ್ದೇನೆ. ನಾನು ಇಳಿದದ್ದಿಲ್ಲ. ಬೇರೆಯವರ ಮದುವೆಯ ಮಂಟಪದಲ್ಲಿ ವರ್ಷಗಟ್ಟಲೆ ಓಲಗ ಊದಿದವನ ಸಿಟ್ಟು ಹೇಗಿರುತ್ತದೆ ಎಂದು ನನಗೆ ಗೊತ್ತು.

ಇದೆಲ್ಲ ಶುರುವಾದದ್ದು 'ಕಾಮನ್' ಎಂಬ ಒಂದು ಶಬ್ದದಿಂದ. ಹೊನ್ನಾವರದೆದುರು, ಶರಾವತಿಯ ಈಚೆ ದಡದ ನಮ್ಮೂರಿನಲ್ಲಿ ಭತ್ತದ ಕೊಯ್ಲು ಮುಗಿದ ಮಾರನೇ ದಿನವೇ ಗದ್ದೆಯಲ್ಲಿ ಕ್ರಿಕೆಟ್ ಶುರು. ಬ್ಯಾಟು ಎಂದರೆ ತೆಂಗಿನ ಮಡಲಿನ ಬುಡ ಕೆತ್ತಿದ್ದು, ಸ್ಟಂಪು ಎಂದರೆ ಬೇಲಿಯಿಂದ ಕಿತ್ತ ಗೂಟ. ಚೆಂಡು ಗದ್ದೆ ಬದಿಯ ತೋಡಿನ ನೀರಿಗೆ ಬಿದ್ದರೆ ಎರಡು ರನ್ನು, ಮೂಲೆಮನೆಯ ಅಜ್ಜಿಯ ಹಿತ್ತಿಲಿಗೆ ಬಿದ್ದರೆ ಔಟು. ಏಕೆಂದರೆ ಅಲ್ಲಿಂದ ಚೆಂಡು ವಾಪಸು ಬರುತ್ತಿರಲಿಲ್ಲ, ಬೈಗುಳ ಮಾತ್ರ ಬರುತ್ತಿತ್ತು. ಜನ ಬೆಸವಾದಾಗ ಉಳಿದ ಒಬ್ಬನನ್ನು ಎರಡೂ ತಂಡಕ್ಕೆ ಸೇರಿಸುತ್ತಿದ್ದರು. ಅವನೇ ಕಾಮನ್. ಎರಡೂ ಕಡೆ ಬ್ಯಾಟು ಬೀಸಬಹುದು, ಆದರೆ ಕೊನೆಗೆ. ಎರಡೂ ಕಡೆ ಫೀಲ್ಡಿಂಗ್ ಮಾಡಬೇಕು, ಅದೂ ತೋಡಿನ ಬದಿಗೆ. ಕಾಮನ್ ರನ್ನು ಹೊಡೆದರೆ ಕುಣಿಯುವವರಿಲ್ಲ, ಔಟಾದರೆ ಬೇಸರಪಡುವವರಿಲ್ಲ, ಗೆದ್ದಾಗ ಹೆಗಲಿಗೆ ಕೈ ಹಾಕುವವರಿಲ್ಲ. ನಮ್ಮೂರಿನ ಹುಡುಗರ ಸಂಖ್ಯೆ ಅದೇನು ಹಟವೋ, ಪ್ರತಿದಿನ ಬೆಸವಾಗುತ್ತಿತ್ತು. ನಾನು ಪ್ರತಿದಿನ ಕಾಮನ್ ಆಗುತ್ತಿದ್ದೆ.

ಸರದಿ ಬರುವವರೆಗೆ ಮಾಡುವುದಾದರೂ ಏನು? ತೋಡಿನ ಬದಿಗೆ ನಿಂತು ಎಲ್ಲರ ಅಣಕು ಮಾಡಿದೆ. ಚೆಂಡು ಎಸೆಯುವ ಮೊದಲು ಮೂರು ಸಲ ಮೂಗು ಒರೆಸುವವನ ಅಣಕು. ಔಟಾದರೂ "ನಾ ಆಡುಕೇ ತಯಾರಿರ್ಲಿಲ್ಲ" ಎಂದು ಗೂಟ ಬಿಡದವನ ಅಣಕು. ಹಿತ್ತಿಲ ಅಜ್ಜಿಯ ಬೈಗುಳವನ್ನು ಅವಳ ಧ್ವನಿಯಲ್ಲೇ ಅವಳಿಗಿಂತ ಮೊದಲು ಬೈದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಲ್ಲಿಗೆ ನನ್ನ ಬ್ಯಾಟಿಂಗ್ ಮುಗಿಯಿತು ಎಂದು ಆಗ ಗೊತ್ತಾಗಲಿಲ್ಲ. ಮರುದಿನದಿಂದ ನನ್ನ ಸರದಿ ಬಂದಾಗಲೂ, "ನೀ ಬ್ಯಾಟ್ ಎಂತಕ್ಕಾ ಮಾರಾಯಾ, ಆ ಅಜ್ಜಿದ್ ಇನ್ನೊಂದ್ಸಲ ಮಾಡು" ಎನ್ನತೊಡಗಿದರು.

ತಪ್ಪು ಪೂರ್ತಿ ನನ್ನದಲ್ಲ, ಅಪ್ಪನದೂ ಇದೆ. ಅಪ್ಪ ಭಟ್ಕಳ–ಕುಮಟಾ ಬಸ್ಸಿನ ಕಂಡಕ್ಟರ್ ಆಗಿದ್ದ. ನಾನು ಹುಟ್ಟುವ ಮೊದಲಿನ ಮಾತು: ಟಿಕೆಟಿನ ಚೀಲದಲ್ಲಿ ಒಂದು ಸಣ್ಣ ಟ್ರಾನ್ಸಿಸ್ಟರು ಇಟ್ಟುಕೊಂಡಿರುತ್ತಿದ್ದನಂತೆ. ಟೆಸ್ಟ್ ಮ್ಯಾಚಿನ ದಿನ ಇಡೀ ಬಸ್ಸಿಗೆ ಸ್ಕೋರು ಹೇಳುವುದು ಅವನ ಕೆಲಸ. ಭಟ್ಕಳದಲ್ಲಿ ಹತ್ತಿದವನಿಗೆ ಮುರ್ಡೇಶ್ವರದ ತಿರುವು ಬರುವಷ್ಟರಲ್ಲಿ ಎರಡು ವಿಕೆಟ್ ಹೋಗಿರುತ್ತಿತ್ತು. ಮಂಕಿ ದಾಟುವಾಗ ಖರಖರ ಸದ್ದು. ಇಡಗುಂಜಿ ಕ್ರಾಸಿನಲ್ಲಿ ಗಣಪತಿಗೆ ಹೋಗುವವರು ಕೈಯಲ್ಲಿ ತೆಂಗಿನಕಾಯಿ ಹಿಡಿದುಕೊಂಡೇ, "ಕಂಡಕ್ಟ್ರೇ, ಎಷ್ಟಾತು?" ಎಂದು ಕೇಳಿ ಇಳಿಯುತ್ತಿದ್ದರು. ಅವರು ಕೇಳಿದ್ದು ಟಿಕೆಟಿನ ದರವನ್ನಲ್ಲ. ಶರಾವತಿ ಸೇತುವೆಯ ಮೇಲೆ ಮಾತ್ರ ರೇಡಿಯೋ ಗಂಟೆಯಂತೆ ಸ್ಪಷ್ಟ. ಡ್ರೈವರ್ ಬೇಕೆಂದೇ ಅಲ್ಲಿ ನಿಧಾನ ಮಾಡುತ್ತಿದ್ದನಂತೆ.

ರೇಡಿಯೋದ ಇಂಗ್ಲಿಷು ಅಪ್ಪನಿಗೆ ಅಷ್ಟಕ್ಕಷ್ಟೇ. ಹೇಳುವವನ ಧ್ವನಿ ಏರಿದರೆ ನಮ್ಮವರದ್ದು ನಾಕು, ಇಳಿದರೆ ನಮ್ಮವರ ವಿಕೆಟ್ಟು ಎಂಬ ಲೆಕ್ಕ. ನಮ್ಮವರು ಬೌಲಿಂಗ್ ಮಾಡುವಾಗ ಈ ಲೆಕ್ಕ ತಲೆಕೆಳಗಾಗುತ್ತದೆ ಎಂಬುದು ಅವನಿಗೆ ಹೊಳೆಯಲು ಬಹಳ ದಿನ ಬೇಕಾಯಿತು. ಹಾಗಾಗಿ ಕುಮಟೆಯಲ್ಲಿ ಇಳಿದ ಎಷ್ಟೋ ಜನ ಗೆದ್ದ ಖುಷಿಯಲ್ಲಿ ಮನೆಗೆ ಹೋಗಿ ಸಂಜೆ ಸೋತಿದ್ದಾರೆ.

ಅಪ್ಪನ ಇನ್ನೊಂದು ಕತೆಯನ್ನೂ ಇಲ್ಲೇ ಹೇಳಿಬಿಡಬೇಕು, ಮುಂದೆ ಬೇಕಾಗುತ್ತದೆ. ಒಂದು ದಿನ ಹೊನ್ನಾವರದ ಸ್ಟ್ಯಾಂಡಿನಲ್ಲಿ ಒಬ್ಬ ಕೊಂಕಣಿ ಅಮ್ಮ ಬಸ್ ಹತ್ತಿದಳು. ಅಪ್ಪನ ಕಿವಿ ಟ್ರಾನ್ಸಿಸ್ಟರಿನಲ್ಲಿ. "ಟಿಕೆಟ್ ಎಷ್ಟು?" ಎಂದು ಕೇಳಿದ. ಅವಳು "ನಾಕಾ" ಎಂದಳು. ಅಪ್ಪ ನಾಕು ಟಿಕೆಟು ಹರಿದು ಕೈಗಿಟ್ಟ. ಕೊಂಕಣಿಯಲ್ಲಿ ನಾಕಾ ಎಂದರೆ ಬೇಡ. ಆಕೆ ಮಗಳನ್ನು ಬಸ್ ಹತ್ತಿಸಲು ಬಂದವಳು, ತನಗೆ ಟಿಕೆಟ್ ಬೇಡ ಎಂದಿದ್ದಳು. ಹರಿದ ಟಿಕೆಟು ಮತ್ತೆ ಅಂಟುವುದಿಲ್ಲ. ಈ ಕತೆಯನ್ನು ಅಪ್ಪ ಉಣ್ಣುವಾಗೆಲ್ಲ ಹೇಳುತ್ತಾನೆ. ನಾನು ಅದನ್ನು ಅಪ್ಪನ ಧ್ವನಿಯಲ್ಲಿ ಒಮ್ಮೆ, ಆ ಅಮ್ಮನ ಧ್ವನಿಯಲ್ಲಿ ಒಮ್ಮೆ, ಹರಿದ ಟಿಕೆಟಿನ ಸದ್ದಿನಲ್ಲಿ ಒಮ್ಮೆ ಮಾಡಿ ತೋರಿಸುತ್ತೇನೆ. ಅಪ್ಪ ಪ್ರತಿಸಲ ನಗುತ್ತಾನೆ. ನನ್ನ ಅಮ್ಮ, ಆಯಿ, ಮಾತ್ರ "ಅಪ್ಪ ಮಗ ಇಬ್ರಿಗೂ ಬೇರೆ ಕೆಲ್ಸ ಇಲ್ಲ" ಎನ್ನುತ್ತಾಳೆ.

ಕ್ರಿಕೆಟ್ ಬೆಳೆಯಿತು. ನನ್ನ ಕಣ್ಣೆದುರೇ ಬೆಳೆಯಿತು, ಅದೇ ನನ್ನ ಹೊಟ್ಟೆಯುರಿ. ಊರಿಗೆಲ್ಲ ಒಂದೇ ಟೀವಿ ಇದ್ದ ಮನೆಯ ಜಗುಲಿಯಲ್ಲಿ ಚಪ್ಪಲಿಗಳ ರಾಶಿ ಬೀಳುತ್ತಿದ್ದ ಕಾಲ ಹೋಗಿ, ಒಬ್ಬೊಬ್ಬನ ಅಂಗೈಯಲ್ಲೂ ಮ್ಯಾಚು ಬಂತು. ಮಡಲಿನ ಬ್ಯಾಟು ಹೋಗಿ ಪಂಜಾಬಿನಿಂದ ತರಿಸಿದ ಬ್ಯಾಟು ಬಂತು. ತೋಡಿನ ಗದ್ದೆಯಲ್ಲಿ ಬನಿಯನ್ ಹಾಕಿ ಆಡುತ್ತಿದ್ದವರಿಗೆ ಬೆನ್ನ ಮೇಲೆ ಹೆಸರು, ನಂಬರು ಇರುವ ಜೆರ್ಸಿ ಬಂತು. ಗದ್ದೆಯ ಮ್ಯಾಚನ್ನು ಮೊಬೈಲಿನಲ್ಲಿ ಲೈವ್ ಬಿಟ್ಟು, ದುಬೈಯಲ್ಲಿರುವ ಭಟ್ಕಳದವರು ಅಲ್ಲಿಂದಲೇ "ಬೌಲರ್ ಬದಲಿಸಿ" ಎಂದು ಬರೆಯುವ ಕಾಲ ಬಂತು. ನನ್ನ ಚಿಕ್ಕಪ್ಪನ ಮಗಳು ಕೂಡ ಕಾಲೇಜಿನ ಹುಡುಗಿಯರ ತಂಡಕ್ಕೆ ಸೇರಿದಳು. ಪಟ್ಟಿಯಲ್ಲಿ ನಾಲ್ಕನೇ ಹೆಸರು. ನಾನೇ ಅವಳಿಗೆ ಬ್ಯಾಟು ಹಿಡಿಯುವುದು ಕಲಿಸಿದ್ದು ಎಂದು ನಾನು ಹೇಳುತ್ತೇನೆ. ನಾನು ಹಿಡಿಯುವುದನ್ನು ನೋಡಿ ಹೇಗೆ ಹಿಡಿಯಬಾರದು ಎಂದು ಕಲಿತೆ ಎಂದು ಅವಳು ಹೇಳುತ್ತಾಳೆ.

ಆಟದ ಜೊತೆ ಮೈಕೂ ಬೆಳೆಯಿತು. ವಾರವಿಡೀ ಹೊನ್ನಾವರದ ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ಅಂಗಡಿಯಲ್ಲಿ ಒಡೆದ ಗಾಜು ಬದಲಿಸುತ್ತೇನೆ. ಭಾನುವಾರ ಮೈಕು. ಒಬ್ಬನೇ ಐದು ಜನರ ಧ್ವನಿಯಲ್ಲಿ ಹೇಳುತ್ತೇನೆ: ವಿಕೆಟ್ ಬಿದ್ದರೆ ಶ್ರಾದ್ಧ ಮಾಡಿಸುವ ಭಟ್ಟರ ಧ್ವನಿ, ಕ್ಯಾಚ್ ಬಿಟ್ಟರೆ ಸಾಲದ ಅರ್ಜಿ ವಾಪಸು ಮಾಡುವ ಮ್ಯಾನೇಜರನ ಧ್ವನಿ, ನಿಧಾನ ಓಡಿದರೆ ಕುಮಟೆಗೆ ಹೊರಟ ಬಸ್ಸಿನ ನನ್ನ ಅಪ್ಪ. ಭಟ್ಕಳದ ಒಂದು ಟೂರ್ನಮೆಂಟಿನಲ್ಲಿ ಸಂಘಟಕರೊಬ್ಬರು ಬೆನ್ನು ತಟ್ಟಿ, "ಕ್ಯಾ ಆವಾಜ್ ಹೈ ಭಾಯ್, ಮುಂದಿನ ವರ್ಷಾನೂ ನೀವೇ" ಎಂದರು. ನಾನು ಮೆಲ್ಲಗೆ, "ನನಗೆ ಬ್ಯಾಟಿಂಗೂ ಬರ್ತದೆ" ಎಂದೆ. ಅವರು ಜೋರಾಗಿ ನಕ್ಕರು. ನಾನು ಏನು ಹೇಳಿದರೂ ಜನ ನಗುತ್ತಾರೆ. ನನ್ನ ರೋಗವೇ ಅದು.

ನಮ್ಮೂರಿನ ತಂಡದ ಕ್ಯಾಪ್ಟನ್ ಬಣ್ಣದ ಅಂಗಡಿಯವನು. ನನಗಿಂತ ಆರೇಳು ವರ್ಷ ದೊಡ್ಡವ. ಒಳ್ಳೆಯವನು, ಯಾರಿಗೂ ಇಲ್ಲ ಎನ್ನುವುದಿಲ್ಲ. ಹಾಗಂತ ಹೌದು ಎಂದೂ ಅನ್ನುವುದಿಲ್ಲ. ಅವನ ಬಾಯಲ್ಲಿ ಇರುವುದು ನೋಡೋಣ ಎಂಬ ಒಂದೇ ಮಾತು.

"ಅಣ್ಣಾ, ಈ ಸಲ ನನ್ನ ಆಡಿಸ್ತ್ಯಾ?"

"ನೋಡ್ವಾ."

"ಹೋದ್ಸಲನೂ ನೋಡ್ವಾ ಅಂದಿದ್ದೆ."

"ಹೋದ್ಸಲ ನೋಡ್ದೆ ಅಲ್ವಾ. ಈ ಸಲನೂ ನೋಡ್ವಾ."

ಹೋದ ವರ್ಷ ಸುತ್ತಿನ ತಾಲೂಕುಗಳ ಎಂಟು ತಂಡ ಸೇರಿ ಒಂದು ಲೀಗ್ ಮಾಡಿದರು. ದೊಡ್ಡವರ ಲೀಗಿನಲ್ಲಿ ಆಟಗಾರರ ಹರಾಜು ಇರುತ್ತದಲ್ಲ, ಹಾಗೆ ನಮಗೂ ಹರಾಜು ಬೇಕಂತೆ. ಶಾಲೆಯ ಹಾಲ್, ಮುಂದೆ ಎಂಟು ಮೇಜು, ಮೇಜಿಗೊಂದು ತಂಡ. ದುಡ್ಡಿಲ್ಲ, ಪಾಯಿಂಟು. ಹರಾಜು ಕೂಗುವವನು ಯಾರು? ಕೇಳಬೇಕೇ. ನಾನು ಬಂದರಿನಲ್ಲಿ ಮೀನು ಹರಾಜು ಕೂಗುವವರ ಧ್ವನಿ ತೆಗೆದೆ. ಎದುರಿಗೆ ನಿಂತ ವೇಗದ ಬೌಲರನನ್ನು ತೋರಿಸಿ, "ನೋಡಿ ಸ್ವಾಮಿ, ಬೆಳಗ್ಗಿನ ಬಲೆದು, ಕಿವಿರು ಇನ್ನೂ ಕೆಂಪುಂಟು" ಎಂದೆ. ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು. ಚೀಟಿ ಮೇಲೆ ಚೀಟಿ ತೆಗೆದೆ. ನನ್ನ ಜೊತೆ ಗದ್ದೆಯಲ್ಲಿ ಮೂಗು ಒರೆಸುತ್ತಿದ್ದವನು ಕೂಡ ಒಳ್ಳೆಯ ಪಾಯಿಂಟಿಗೆ ಹೋದ.

ಕೊನೆಯ ಹತ್ತು ಚೀಟಿ ಉಳಿದಾಗ ಒಂದನ್ನು ಬಿಚ್ಚಿದೆ. ನನ್ನದೇ ಹೆಸರು. ಅರ್ಜಿ ನಾನೇ ತುಂಬಿದ್ದೆ, ಆದರೂ ಅದು ಹೀಗೆ ಕೈಗೆ ಬರುತ್ತದೆ ಎಂದು ಯೋಚಿಸಿರಲಿಲ್ಲ. ಹೆಸರು ಓದಿದೆ. ಬಲಗೈ ದಾಂಡಿಗ ಎಂದು ಓದಿದೆ. ಯಾವ ಮೇಜೂ ಕೈ ಎತ್ತಲಿಲ್ಲ. ಇದೂ ಒಂದು ಅಣಕು ಇರಬೇಕೆಂದು ಎಲ್ಲರೂ ನನ್ನ ಮುಖ ನೋಡುತ್ತ ನಗಲು ಕಾಯುತ್ತಿದ್ದರು. ನಾನು ನಮ್ಮ ಕ್ಯಾಪ್ಟನ್ ಮುಖ ನೋಡಿದೆ.

"ಅಲ್ಲಾ ಮಾರಾಯಾ," ಅವನು ನಿಜವಾದ ಚಿಂತೆಯಿಂದ ಕೇಳಿದ, "ನಿನ್ನ ತಕಂಡ್ರೆ ಮೈಕ್ ಯಾರು ಹಿಡೀತ್ರು?"

ಏಳು ಮೇಜುಗಳು ಹೌದು ಹೌದು ಎಂದವು. ಒಂದು ಸಲ, ಎರಡು ಸಲ, ಮೂರು ಸಲ ಕೂಗಿದೆ. ಆಮೇಲೆ ನನ್ನ ಬಾಯಿಂದಲೇ ನನ್ನನ್ನು "ಅನ್‌ಸೋಲ್ಡ್" ಎಂದು ಘೋಷಿಸಿ ಚೀಟಿಯನ್ನು ಪಕ್ಕದ ಡಬ್ಬಿಗೆ ಹಾಕಿದೆ. ಚಪ್ಪಾಳೆ ಬಿತ್ತು. ಬಂದರಿನಲ್ಲಿ ಮಾರಾಟವಾಗದ ಮೀನನ್ನಾದರೂ ಒಣಗಿಸುತ್ತಾರೆ.

ಇಷ್ಟಾದ ಮೇಲೂ ಮೈಕು ಬಿಟ್ಟು ಮನೆಯಲ್ಲಿ ಕೂರಬಹುದಿತ್ತು. ಕೂರಲಿಲ್ಲ. ಮೈಕಿನ ಹತ್ತಿರ ಇದ್ದರೆ ಅಂಗಳಕ್ಕೆ ಮೂವತ್ತು ಹೆಜ್ಜೆ, ಮನೆಯಲ್ಲಿದ್ದರೆ ಮೂರು ಕಿಲೋಮೀಟರ್ ಎಂದು ಲೆಕ್ಕ ಹಾಕಿದೆ. ನೋಡಿ, ಬುದ್ಧಿವಂತಿಕೆಗೂ ನಮ್ಮಲ್ಲಿ ಕೊರತೆಯಿಲ್ಲ.

ಆ ಲೀಗಿನ ಒಂದು ಭಾನುವಾರ, ಅಪ್ಸರಕೊಂಡದ ಕೆಳಗಿನ ಮರಳು ಬಯಲಿನಲ್ಲಿ ನಮ್ಮೂರಿಗೂ ಕುಮಟೆ ಕಡೆಯ ತಂಡಕ್ಕೂ ಮ್ಯಾಚು. ಮಧ್ಯಾಹ್ನದ ಬಿಸಿಲು. ಜಲಪಾತ ನೋಡಲು ಬಂದ ಟೂರಿಸ್ಟರ ಕಾರುಗಳು ಬೌಂಡರಿಯ ಆಚೆ ಸಾಲಾಗಿ ನಿಂತಿದ್ದವು. ಕ್ಯಾಪ್ಟನ್ ಕೊಟ್ಟ ಪಟ್ಟಿಯಲ್ಲಿ ಹತ್ತೇ ಹೆಸರಿತ್ತು. ಹನ್ನೊಂದನೆಯ ಸಾಲು ಖಾಲಿ.

"ಇದೆಂತ ಅಣ್ಣಾ?"

"ಅಂವ ಬತ್ತ. ಓಂ ಬೀಚಿನಿಂದ ಹೊರ್‍ಟಿದ್ನಂತೆ. ಹತ್ತು ಓದು, ಬಂದ್ಮೇಲೆ ಬರ್ಕಂಬ್ವಾ."

ಅವನು ಎಂದರೆ ಓಂ ಬೀಚಿನಲ್ಲಿ ಒಂದು ಗೆಸ್ಟ್ ಹೌಸ್ ನೋಡಿಕೊಳ್ಳುವವನು. ನಾನು ಹತ್ತು ಹೆಸರು ಓದಿ, ಹನ್ನೊಂದನೆಯ ಜಾಗದಲ್ಲಿ ಎರಡು ಸೆಕೆಂಡು ಸುಮ್ಮನಿದ್ದೆ. ಆ ಸುಮ್ಮನಿರುವಿಕೆಯನ್ನು ಕ್ಯಾಪ್ಟನ್ ಕೇಳಿಸಿಕೊಳ್ಳಲಿ ಎಂದೇ ಇದ್ದದ್ದು. ಅವನು ಶೂ ಲೇಸು ಕಟ್ಟುತ್ತಿದ್ದ.

ಕುಮಟೆಯವರು ಮೊದಲು ಆಡಿದರು. ನಾವು ಬೆನ್ನಟ್ಟುತ್ತಿದ್ದೆವು. ಓಂ ಬೀಚಿನವನು ಫೋನ್ ಮಾಡಿ, ರೂಮಿನವರು ಖಾಲಿ ಮಾಡುತ್ತಿಲ್ಲ, ಬೀಗ ಹಾಕದೆ ಬರುವ ಹಾಗಿಲ್ಲ ಎಂದ. ಅಷ್ಟರಲ್ಲಿ ನಮ್ಮ ಎಂಟನೇ ವಿಕೆಟ್ ಹೋಯಿತು. ಕೊನೆಯ ಓವರಿನ ಎರಡನೇ ಚೆಂಡಿಗೆ ಒಂಬತ್ತನೆಯದೂ ಹೋಯಿತು. ಇನ್ನು ನಾಲ್ಕು ಚೆಂಡಿಗೆ ಐದು ರನ್ನು. ಕ್ರೀಸಿನಲ್ಲಿ ಉಳಿದವನು ಬೋಟಿಗೆ ಹೋಗುವ ನಮ್ಮ ಕೊಂಕಣಿ ಮಾತಿನ ಗೆಳೆಯ, ಬೀಸಿದರೆ ಚೆಂಡು ಸಮುದ್ರಕ್ಕೇ ಬೀಳುವಂಥ ಹೊಡೆತಗಾರ. ಚೆಂಡು ಎದುರಿಸುವವನು ಅವನೇ. ಇನ್ನೊಂದು ತುದಿಗೆ ಸುಮ್ಮನೆ ನಿಲ್ಲಲು ಒಂದು ಮನುಷ್ಯಪ್ರಾಣಿ ಬೇಕಿತ್ತು.

ಕ್ಯಾಪ್ಟನ್ ಬಯಲನ್ನೆಲ್ಲ ನೋಡಿದ. ಕೊನೆಗೆ ಶಾಮಿಯಾನದ ಕಡೆ ನೋಡಿದ. ನಾನು ಆಗಲೇ ಎದ್ದು ನಿಂತಿದ್ದೆ.

"ಬಾ ಮಾರಾಯಾ," ಎಂದ, ತೆರಿಗೆ ಕಟ್ಟುವವನ ಮುಖದಲ್ಲಿ. "ಎಂತದೂ ಮಾಡೂಕೆ ಹೋಗ್ಬೇಡ. ಅಂವ ಓಡು ಅಂದ್ರೆ ಓಡು. ಬೇಡ ಅಂದ್ರೆ ನಿಲ್ಲು. ಆತಾ?"

"ಆತು."

"ಮೈಕ್ ಯಾರಿಗೆ ಕೊಡ್ತಿ?"

ಪೆನ್ಶನ್ ಬಂದ ಮೇಲೆ ಅಪ್ಪ ನನ್ನ ಪ್ರತಿ ಮ್ಯಾಚಿಗೂ ಬರುತ್ತಾನೆ, ಶಾಮಿಯಾನದ ಕೊನೆಯ ಕುರ್ಚಿಯಲ್ಲಿ ಕೂರುತ್ತಾನೆ. ಅವನ ಕೈಗೆ ಮೈಕು ಕೊಟ್ಟೆ. ಅವನು ಅದನ್ನು ಟಿಕೆಟ್ ಮಶೀನಿನ ಹಾಗೆ ಎದೆಗೆ ಹಿಡಿದುಕೊಂಡು, "ನೀ ಹೋಗು, ನಾ ನೋಡ್ಕಂತೆ" ಎಂದ. ಈಗಷ್ಟೇ ಔಟಾಗಿ ಬಂದವನ ಜೆರ್ಸಿ ಬಿಚ್ಚಿಸಿ ಹಾಕಿಕೊಂಡೆ. ಹಸಿ ಬಟ್ಟೆ ಮೈಗೆ ಅಂಟಿತು. ಬೆನ್ನ ಮೇಲೆ ಬೇರೆಯವನ ಹೆಸರು. ಅಡ್ಡಿಲ್ಲ ಎಂದುಕೊಂಡೆ. ಪುಸ್ತಕದಲ್ಲಿ ನನ್ನದೇ ಬರುತ್ತದಲ್ಲ.

ಮೂವತ್ತು ಹೆಜ್ಜೆ ಎಣಿಸಿಕೊಂಡೇ ನಡೆದೆ. ಹಿಂದಿನಿಂದ ಸ್ಪೀಕರಿನಲ್ಲಿ ಅಪ್ಪನ ಧ್ವನಿ ಬಂತು: "ಈಗ ಹತ್ತುತ್ತಾ ಇರೋರು ನಮ್ಮ ಹುಡುಗ. ಒಳಗೆ ಜಾಗ ಉಂಟು, ಮುಂದೆ ಹೋಗಿ." ಬಯಲು ನಕ್ಕಿತು. ನನಗೆ ಮಾತ್ರ ಮೊದಲ ಸಲ ನಗು ಬರಲಿಲ್ಲ.

ಈ ಬೋಟಿನ ಗೆಳೆಯನ ವಿಷಯ ಹೇಳಬೇಕು. ಕನ್ನಡ ನಮಗಿಂತ ಚೆನ್ನಾಗಿ ಮಾತಾಡುತ್ತಾನೆ. ಆದರೆ ರನ್ ಓಡುವ ಗಡಿಬಿಡಿಯಲ್ಲಿ ಅವನ ಬಾಯಿಗೆ ಬರುವುದು ಕೊಂಕಣಿ. ಬಾ ಎನ್ನಲು ಯೋ, ಬೇಡ ಎನ್ನಲು ನಾಕಾ. ಈ "ಯೋ ಯೋ, ನಾಕಾ ನಾಕಾ"ವನ್ನು ನಾನು ಮೈಕಿನಲ್ಲಿ ಎಷ್ಟು ಸಲ ಅಣಕಿಸಿದ್ದೇನೋ ಲೆಕ್ಕವಿಲ್ಲ. ಅವನ ಬೋಟಿನವರೂ ನಕ್ಕಿದ್ದಾರೆ. ನಮ್ಮ ಮನೆಯಲ್ಲಿ ಈ ಶಬ್ದದ ಮೇಲೆ ಒಂದು ಇಡೀ ಕತೆಯೇ ಉಂಟು. ಅಂದರೆ, ಭಟ್ಕಳದಿಂದ ಕುಮಟೆಯವರೆಗೆ ಈ ಶಬ್ದದ ಅರ್ಥ ಚೆನ್ನಾಗಿ ಗೊತ್ತಿರಬೇಕಾದ ಒಬ್ಬ ಮನುಷ್ಯ ಇದ್ದರೆ, ಅವನು ನಾನು.

ಬೌಲರ್ ಬಂದ. ಗೆಳೆಯ ಬೀಸಿದ. ಚೆಂಡು ನೆಲ ಹಿಡಿದು ಕಾರುಗಳ ಕಡೆ ಓಡಿತು. ಫೀಲ್ಡರು ಅದರ ಹಿಂದೆ ಓಡಿದ, ಬೌಂಡರಿಯ ಹತ್ತಿರ ಇಬ್ಬರೂ ಮರಳಿನ ಧೂಳಿನಲ್ಲಿ ಕಾಣದಾದರು. ಗೆಳೆಯ ಕೈ ಎತ್ತಿ ಕೂಗಿದ:

"ನಾಕಾ, ನಾಕಾ."

ಇಷ್ಟು ವರ್ಷ ಮೈಕು ಹಿಡಿದ ಕಿವಿ. ಚೆಂಡು ಬೌಂಡರಿ ಕಡೆ ಹೋದಾಗ ಅದಕ್ಕೆ ಬೇಕಾದದ್ದು ಒಂದೇ ಶಬ್ದ, ಅದು ಅದನ್ನೇ ಕೇಳಿಸಿಕೊಂಡಿತು. ನಾಕು. ಇನ್ನು ಮೂರು ಚೆಂಡಿಗೆ ಒಂದೇ ರನ್ನು. ನಾನು ಟೀವಿಯಲ್ಲಿ ಮಾಡುತ್ತಾರಲ್ಲ, ಹಾಗೆ ನಿಧಾನವಾಗಿ ಪಿಚ್ಚಿನ ನಡುವಿಗೆ ನಡೆದೆ, ಮುಷ್ಟಿಗೆ ಮುಷ್ಟಿ ತಾಗಿಸಲು. ದಾರಿಯಲ್ಲಿ ಬ್ಯಾಟಿನಿಂದ ನೆಲವನ್ನು ಎರಡು ಸಲ ಕುಟ್ಟಿದೆ ಕೂಡ. ಯಾಕೆ ಕುಟ್ಟುತ್ತಾರೋ ನನಗೆ ಇವತ್ತಿಗೂ ಗೊತ್ತಿಲ್ಲ. ಬಾಯಿಂದ ತಾನಾಗಿಯೇ ಮೈಕಿನ ಮಾತು ಹೊರಟಿತು: "ಆಹಾ, ಎಂಥಾ ಹೊಡೆತ ವೀಕ್ಷಕರೇ."

ಗೆಳೆಯ ನನ್ನನ್ನು ನೋಡಿದ ರೀತಿ ಎಂದಿಗೂ ಮರೆಯುವುದಿಲ್ಲ. ಅವನ ಮುಖ ಹೀಗಿರುವುದನ್ನು ನಾನು ನೋಡಿರಲಿಲ್ಲ, ಅಣಕಿಸಲೂ ಆಗದಂಥ ಮುಖ.

"ನಾಕಾ ಅಂದೆ ಅಲ್ವಾ," ಎಂದ.

"ನಾಕೇ ಅಲ್ವಾ," ಎಂದೆ.

ಧೂಳಿನಿಂದ ಚೆಂಡು ಬಂತು. ಫೀಲ್ಡರು ಗೆರೆಯ ಒಂದು ಮೊಳ ಈಚೆಗೆ ಕಾಲಿನಿಂದ ಅದನ್ನು ತಡೆದಿದ್ದ. ಬೌಲರ್ ಅದನ್ನು ಹಿಡಿದು, ಯಾವ ಅವಸರವೂ ಇಲ್ಲದೆ, ನಾನು ಬಿಟ್ಟು ಬಂದ ತುದಿಯ ಗೂಟವನ್ನು ಮೆಲ್ಲಗೆ ಕೆಡವಿದ. ನಾನು ಪಿಚ್ಚಿನ ನಟ್ಟನಡುವೆ ಮುಷ್ಟಿ ಚಾಚಿಕೊಂಡು ನಿಂತಿದ್ದೆ. ಕುಮಟೆಯವರು ಕುಣಿದರು. ನಾವು ಸೋತೆವು. ನನ್ನ ಕಡೆ ಒಂದೇ ಒಂದು ಚೆಂಡೂ ಬರಲಿಲ್ಲ.

ಸ್ಪೀಕರಿನಲ್ಲಿ ಅಪ್ಪನ ಧ್ವನಿ ಬಂತು, ಬಹಳ ಸಣ್ಣಗೆ:

"ನಾಕು ಟಿಕೆಟ್ ಹರ್ದಾತು."

ಇಡೀ ಬಯಲಿನಲ್ಲಿ ಅದು ಅರ್ಥವಾದದ್ದು ನನಗೊಬ್ಬನಿಗೆ.

ವಾಪಸು ಬರುವಾಗ ಮೂವತ್ತು ಹೆಜ್ಜೆ ಮುನ್ನೂರಾಗಿತ್ತು. ಕ್ಯಾಪ್ಟನ್ ಗೂಟ ಕೀಳಲು ಹೋದ. ಬೈದಿದ್ದರೆ ಅಣಕಿಸಿಯಾದರೂ ಹಗುರಾಗುತ್ತಿದ್ದೆ. ಬೋಟಿನ ಗೆಳೆಯ ಬಂದು ಪಕ್ಕದಲ್ಲಿ ಕೂತ.

"ಮೈಕಲ್ಲಿ ನಂದೇ ನಾಕಾ ಮಾಡಿ ನಗ್ಸ್ತಿ. ಅಲ್ಲಿ ಕೇಳೂಕೆ ಎಂತ ಆತು ನಿಂಗೆ?"

"ನೀನು ಬೇಡ ಅನ್ಬೇಕಿತ್ತು."

"ಓಡುವಾಗ ಬಾಯಿಗೆ ಅದೇ ಬರೂದು. ನೀನು ಬಿದ್ರೆ ಆಯೀ ಅಂತ ಕೂಗ್ತಿ, ಅದ್ನೂ ಮೊದ್ಲೇ ಯೋಚ್ನೆ ಮಾಡಿ ಕೂಗ್ತ್ಯಾ?"

ಅವನು ತನ್ನ ನೀರಿನ ಬಾಟಲಿ ನನ್ನ ಕೈಗೆ ಕೊಟ್ಟು ಎದ್ದು ಹೋದ.

ಆದರೂ ಒಂದು ಸಮಾಧಾನ ಉಳಿದಿತ್ತು. ಸೋತರೇನು, ಸೊನ್ನೆಯಾದರೇನು, ಪುಸ್ತಕ ಪುಸ್ತಕವೇ. ಸ್ಕೋರು ಬರೆಯುವವರು ಘಟ್ಟದ ಮೇಲಿನಿಂದ ಪಕ್ಕದೂರಿನ ಶಾಲೆಗೆ ಹೊಸದಾಗಿ ಬಂದ ಮಾಸ್ತರು. ಅಕ್ಷರ ಮುತ್ತಿನಂತೆ. ನಾನು ಅಪ್ಪನ ಕೈಯಿಂದ ಮೈಕು ತೆಗೆದುಕೊಂಡು, ಎರಡೂ ತಂಡದ ಸ್ಕೋರು ಓದಲು ಪುಸ್ತಕ ಎಳೆದುಕೊಂಡೆ. ನಮ್ಮ ತಂಡದ ಪುಟ. ಒಂದರಿಂದ ಹತ್ತರವರೆಗೆ ಅಪ್ಪ ಅಮ್ಮ ಇಟ್ಟ ಹೆಸರುಗಳು. ಹನ್ನೊಂದನೆಯ ಸಾಲಿನಲ್ಲಿ, ಅದೇ ಮುತ್ತಿನಂಥ ಅಕ್ಷರದಲ್ಲಿ:

ಮೈಕ್. ರನ್ ಔಟ್. ಸೊನ್ನೆ.

"ಮಾಸ್ತ್ರೇ," ಎಂದೆ. "ಇದು ನನ್ನ ಹೆಸರಲ್ಲ."

ಅವರು ಕನ್ನಡಕ ಸರಿಮಾಡಿಕೊಂಡರು. "ಹೌದೇನ್ರಿ? ಎಲ್ಲಾರೂ ಹಂಗ ಕರೀತಿದ್ರು. ಮೈಕ್ ಬಾ, ಮೈಕ್ ಹೋಗು ಅಂತ. ನಾನು ಕ್ರಿಶ್ಚನ್ನರ ಪೈಕಿ ಇರಬೇಕು ಅನ್ಕೊಂಡೆ."

"ತಿದ್ದಿ ಬಿಡಿ."

"ಎರಡೂ ಕಡೀ ಕ್ಯಾಪ್ಟನ್ ಸಹಿ ಆಗಿಬಿಟ್ಟದರಿ. ಸಹಿ ಆದಮ್ಯಾಲೆ ಪುಸ್ತಕ ತಿದ್ದಬಾರದು." ಆಮೇಲೆ ನನ್ನ ಮುಖ ನೋಡಿ, ಪಾಪ ಅನಿಸಿರಬೇಕು, "ಸೊನ್ನಿಗೆ ಯಾಕ ಇಷ್ಟು ಬ್ಯಾಸರ ಮಾಡ್ಕೋತೀರಿ, ಬಿಡ್ರಿ. ನಿಮ್ಮ ಹೆಸರಿಗೆ ಬೀಳಲಿಲ್ಲಲ್ಲ" ಎಂದರು.

ಅವರಿಗೆ ಹೇಗೆ ಹೇಳುವುದು, ನನಗೆ ಆ ಸೊನ್ನೆಯೇ ಬೇಕಿತ್ತು ಎಂದು?

ಜನ ಕಾಯುತ್ತಿದ್ದರು. ಓದಿದೆ. ಹತ್ತು ಹೆಸರು ಓದಿದೆ. ಹನ್ನೊಂದನೆಯದಕ್ಕೆ ಬಂದಾಗ ನನ್ನದೇ ಹೆಸರು ಹೇಳಿಬಿಡಬಹುದಿತ್ತು, ಯಾರೂ ಪುಸ್ತಕ ತೆಗೆದು ನೋಡುತ್ತಿರಲಿಲ್ಲ. ಆದರೆ ಪಟ್ಟಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಓದುವುದು ಇಷ್ಟು ವರ್ಷದ ಚಟ. "ಮೈಕ್, ರನ್ ಔಟ್, ಸೊನ್ನೆ" ಎಂದೆ. ಯಾವ ಭಟ್ಟರ ಧ್ವನಿಯೂ ಅಲ್ಲ, ಮ್ಯಾನೇಜರನದೂ ಅಲ್ಲ, ಬರೀ ಗಂಟಲಿನಿಂದ ಬಂದದ್ದು. ಬಯಲು ಬಿದ್ದು ಬಿದ್ದು ನಕ್ಕಿತು. ಕುಮಟೆಯವರು ಸಿಳ್ಳೆ ಹೊಡೆದರು. ಆ ದಿನದ ಜೋಕುಗಳಲ್ಲಿ ಅದೇ ಭರ್ಜರಿಯಂತೆ. ಲೈವ್ ನೋಡುತ್ತಿದ್ದ ಯಾರೋ ದುಬೈಯಿಂದ, "ಮೈಕ್ ಭಾಯ್ ಜಿಂದಾಬಾದ್" ಎಂದು ಬರೆದರು.

ಸ್ಕೂಟರಿನಲ್ಲಿ ಮನೆಗೆ ಬರುವಾಗ ಅಪ್ಪ ಹಿಂದೆ ಕೂತಿದ್ದ. ಹೆದ್ದಾರಿ ಸೇರಿದೆವು.

"ನಾ ಮೈಕ್ ಹಿಡ್ದದ್ದು ಅಡ್ಡಿಲ್ವಾ?" ಎಂದು ಕೇಳಿದ.

"ಅಡ್ಡಿಲ್ಲ."

"ಮತ್ತೆ ಇನ್ಮುಂದೆ ನಾ ಹಿಡೀತೆ ಅಂತ ಹೇಳು ಅವ್ರಿಗೆ. ಮೈಕ್ ಯಾರು ಹಿಡೀತ್ರು ಅಂತ ಇನ್ನು ಯಾರೂ ಕೇಳೂಕಿಲ್ಲ."

ನನಗೆ ಗಾಡಿ ನಿಲ್ಲಿಸಿ ಏನಾದರೂ ಹೇಳಬೇಕೆನಿಸಿತು. ಹಿಂದಿನಿಂದ ಲಾರಿ ಹಾರ್ನ್ ಹೊಡೆಯಿತು. ಅಪ್ಪ ಅಭ್ಯಾಸಬಲದಿಂದ ನನ್ನ ಬೆನ್ನು ಎರಡು ಸಲ ತಟ್ಟಿದ. ಅವನ ಭಾಷೆಯಲ್ಲಿ ಅದಕ್ಕೆ ರೈಟ್ ಎಂದರ್ಥ. ಮುಂದೆ ಹೋದೆ.

ಮನೆಯಲ್ಲಿ ಆಯಿ ದೋಸೆ ಹೊಯ್ಯುತ್ತಿದ್ದಳು. ಬಯಲಿಗೆ ಬರುವವಳಲ್ಲ, ಆದದ್ದೇನೂ ಗೊತ್ತಿಲ್ಲ. ತಟ್ಟೆ ಇಟ್ಟು, ಸಟ್ಟುಗ ಹಿಡಿದುಕೊಂಡು ಕೇಳಿದಳು: "ಎಷ್ಟು ಹೊಯ್ಲಿ, ನಾಕಾ?"

ಅಪ್ಪ ಗೋಡೆಯ ಕಡೆ ತಿರುಗಿದ. ಅವನ ಹೆಗಲು ಕುಣಿಯುತ್ತಿತ್ತು.

"ಬೇಡ," ಎಂದೆ. ಆಮೇಲೆ ಹಸಿವು ತಡೆಯದೆ ಆರು ತಿಂದೆ.

ಊಟ ಮುಗಿಯುವಷ್ಟರಲ್ಲಿ ತಂಡದ ಗ್ರೂಪಿನಲ್ಲಿ ಕ್ಯಾಪ್ಟನ್ ಮುಂದಿನ ಭಾನುವಾರದ ಪಟ್ಟಿ ಹಾಕಿದ್ದ, ಭಟ್ಕಳದ ಮ್ಯಾಚಿಗೆ. ನಾನು ಒಂದೊಂದೇ ಹೆಸರಿಗೆ ಬೆರಳಿಟ್ಟು ಎಣಿಸಿದೆ. ಹತ್ತು. ಓಂ ಬೀಚಿನವನ ಹೆಸರು ಇಲ್ಲ. ಹತ್ತರ ಕೆಳಗೆ, ನಂಬರಿಲ್ಲದೆ, ಒಂದೇ ಶಬ್ದ: ಮೈಕ್.

ಅದು ಹನ್ನೊಂದನೆಯವನೋ, ಬರೀ ಮೈಕೋ? ಮೇಲೆ ಕೆಳಗೆ ಮಾಡಿ ನೋಡಿದೆ. ಅಪ್ಪನಿಗೂ ತೋರಿಸಿದೆ. ಅವನು ಕನ್ನಡಕ ಹಾಕಿ ನೋಡಿ, "ಎರಡೂ ಆಗ್ತದೆ" ಎಂದ. ಕೊನೆಗೆ ತಡೆಯಲಾಗದೆ ಗ್ರೂಪಿನಲ್ಲೇ ಬರೆದೆ: "ಅಣ್ಣಾ, ನಾನು ಆಡೂದಾ, ಓದೂದಾ?"

ಕ್ಯಾಪ್ಟನ್ ಬರೆಯುತ್ತಿದ್ದಾನೆ ಎಂದು ತೋರಿಸಿತು. ನಿಂತಿತು. ಮತ್ತೆ ಬರೆಯುತ್ತಿದ್ದಾನೆ ಎಂದು ತೋರಿಸಿತು. ಅಷ್ಟು ಹೊತ್ತು ಬರೆದು ಅವನು ಕಳಿಸಿದ್ದು ಒಂದೇ ಶಬ್ದ.

"ನೋಡ್ವಾ."